ಭೂತದ ದೂರು, ಸಾಕ್ಷಿಯ ತೀರ್ಪು

ಕೊಲೆ, ತನಿಖೆ, ದೆವ್ವ ಮೂರನ್ನೂ ಒಂದೇ ಹಗ್ಗದಲ್ಲಿ ಹೊಸೆಯುವ ಸರಣಿಗಳಿಗೆ ಈಗ ನೋಡುಗರು ಹೆಚ್ಚು. ಅಂಥ ಕಥೆಗೆ ಕೋಲಾರ ಚಿನ್ನದ ಗಣಿಯ ಊರು ಕೆಜಿಎಫ್ ಹೇಳಿ ಮಾಡಿಸಿದ ನೆಲ. ಆದರೆ ಈ ನೆಲಕ್ಕೆ ತನ್ನದೇ ಸಾವುಗಳ ಲೆಕ್ಕವಿದೆ. ಆ ಲೆಕ್ಕ ಓದಿಕೊಂಡು ಬಂದವರಿಗೆ ಇಲ್ಲಿ ಕಥೆ ಸಿಗುತ್ತದೆ.

ಕೆಜಿಎಫ್‌ನ ಮಾರಿಕುಪ್ಪಂ ನಿಲ್ದಾಣದಲ್ಲಿ ಕತ್ತಲು ಕರಗುವ ಮೊದಲೇ ಜನ ಸೇರಿರುತ್ತಾರೆ. ಕೈಯಲ್ಲಿ ಊಟದ ಡಬ್ಬಿ, ಹೆಗಲಲ್ಲಿ ಚೀಲ, ಕಣ್ಣಲ್ಲಿ ಇನ್ನೂ ಉಳಿದ ನಿದ್ದೆ. ರೈಲು ಚಾಂಪಿಯನ್, ಊರಗಾಂ, ಕೋರಮಂಡಲ ದಾಟಿ ಬಂಗಾರಪೇಟೆ ಸೇರುತ್ತದೆ. ಅಲ್ಲಿಂದ ಬೆಂಗಳೂರಿನ ದಾರಿ ಹಿಡಿಯುತ್ತದೆ. ಕಿಟಕಿಯಾಚೆ ಬೂದು ಬಣ್ಣದ ದಿಬ್ಬಗಳು, ತುಕ್ಕು ಹಿಡಿದ ಶಾಫ್ಟ್‌ಗಳ ಕಬ್ಬಿಣದ ಚೌಕಟ್ಟುಗಳು, ಸಾಲು ಸಾಲು ಲೈನ್ ಮನೆಗಳು. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿತು. ಅಜ್ಜ ಕೇಜಿನಲ್ಲಿ ನಿಂತು ಪಾತಾಳಕ್ಕೆ ಇಳಿಯುತ್ತಿದ್ದ. ಮೊಮ್ಮಗ ರೈಲಿನ ಬಾಗಿಲಲ್ಲಿ ನಿಂತು ಬೆಂಗಳೂರಿಗೆ ಹೋಗುತ್ತಾನೆ.

ಅತಿಮಾನುಷ ಎಳೆಯುಳ್ಳ ಕೊಲೆ ತನಿಖೆಯ ಸರಣಿಯೊಂದನ್ನು ಇಲ್ಲಿ ಆರಂಭಿಸುವುದಾದರೆ ಮೊದಲ ದೃಶ್ಯಕ್ಕೆ ಈ ರೈಲೇ ಸಾಕು. ಮಂಜು ಮುಸುಕಿದ ಹಳಿ. ಗಕ್ಕನೆ ನಿಂತ ರೈಲು. ಹಳಿಯ ಪಕ್ಕ ಒಂದು ಹೆಣ. ಬೋಗಿಯಲ್ಲಿದ್ದವರೆಲ್ಲ ಇಳಿದು ನೋಡುತ್ತಾರೆ. ಮೂಲೆಯ ಸೀಟಿನ ಮುದುಕನೊಬ್ಬ ಮಾತ್ರ ಏಳುವುದಿಲ್ಲ, ಕೆಮ್ಮುತ್ತ ಕುಳಿತೇ ಇರುತ್ತಾನೆ. ಗುಂಪಿನಲ್ಲಿ ಯಾರೋ ಪಿಸುಗುಟ್ಟುತ್ತಾರೆ: "ಮುಚ್ಚಿದ ಶಾಫ್ಟಿನ ಕಡೆ ಹೋಗಬೇಡ ಅಂತ ಹೇಳಿದ್ದೆವು. ಅಲ್ಲಿರೋದು ಬಿಡೋದಿಲ್ಲ." ಅಷ್ಟು ಸಾಕು, ಕಥೆಗೆ ಎರಡು ದಾರಿ ತೆರೆಯುತ್ತವೆ. ಒಂದು ಪೊಲೀಸ್ ಠಾಣೆಗೆ ಹೋಗುತ್ತದೆ, ಇನ್ನೊಂದು ಮಂತ್ರವಾದಿಯ ಮನೆಗೆ.

ಗುಡ್ಡದ ಭೂತದಿಂದ ಅಯ್ಯನ ಮನೆಯವರೆಗೆ

ಈ ಎರಡು ದಾರಿಗಳ ನಡುವಿನ ಎಳೆದಾಟವೇ ಇಂಥ ಸರಣಿಗಳ ಜೀವ. 1990ರ ಏಪ್ರಿಲ್‌ನಲ್ಲಿ ಅಮೆರಿಕದ ಟೀವಿಯಲ್ಲಿ ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಅವರ 'ಟ್ವಿನ್ ಪೀಕ್ಸ್' ಶುರುವಾಯಿತು. ಮರದ ಕಾರ್ಖಾನೆಯ ಪುಟ್ಟ ಊರು, ನೀರಂಚಿನಲ್ಲಿ ಸಿಕ್ಕ ಹುಡುಗಿಯ ಶವ, ಕನಸಿನಲ್ಲಿ ಸುಳಿವು ಹುಡುಕುವ ತನಿಖಾಧಿಕಾರಿ. ಈ ಬಗೆಯ ಸರಣಿಗಳಿಗೆ ಜಗತ್ತಿನಾದ್ಯಂತ ಅದು ಅಡಿಪಾಯ ಹಾಕಿತು ಎನ್ನುತ್ತಾರೆ. ಆದರೆ ಅದೇ ಕಾಲದ ಆಸುಪಾಸಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಸದಾನಂದ ಸುವರ್ಣರ 'ಗುಡ್ಡದ ಭೂತ' ಬಂದಿತ್ತು ಎನ್ನುವುದನ್ನು ನಾವು ಮರೆಯಬಾರದು. ಗುಡ್ಡದಲ್ಲಿ ಭೂತವಿದೆ ಎಂಬ ಊರಿನ ಭಯವನ್ನೇ ಎಳೆಯಾಗಿ ಹಿಡಿದ ಆ ಧಾರಾವಾಹಿಯಲ್ಲಿ ಪ್ರಕಾಶ್ ರೈ ನಟಿಸಿದ್ದರು. ಅದರ ಶೀರ್ಷಿಕೆ ಗೀತೆ ಕೇಳಿದರೆ ಮೈ ಜುಂ ಎನ್ನುವವರು ಇಂದಿಗೂ ಇದ್ದಾರೆ. 'ಘಟಶ್ರಾದ್ಧ' ಚಿತ್ರವನ್ನು ನಿರ್ಮಿಸಿದ ಸುವರ್ಣರು 2024ರಲ್ಲಿ ತೀರಿಕೊಂಡರು. ಕನ್ನಡದಲ್ಲಿ ಇಂಥ ಸರಣಿಯ ಪರಂಪರೆ ಅವರ ಗುಡ್ಡದಿಂದ ಇಳಿದು ಬಂದದ್ದು. 2015ರ 'ರಂಗಿತರಂಗ' ಅದೇ ಗುಡ್ಡವನ್ನು ಮತ್ತೆ ಹತ್ತಿತು. 2025ರಲ್ಲಿ ರಮೇಶ್ ಇಂದಿರಾ ನಿರ್ದೇಶನದ 'ಅಯ್ಯನ ಮನೆ' ಒಟಿಟಿಗೆ ಬಂದು, ಮಲೆನಾಡಿನ ದೊಡ್ಡಮನೆಯೊಂದರಲ್ಲಿ ಸೊಸೆಯರ ಸಾವಿನ ಗುಟ್ಟನ್ನು ಬೆನ್ನಟ್ಟಿತು.

ಇಂಥ ಕಥೆಗಳು ಮುಗಿಯುವ ಬಗೆ ಮೂರು. ಮೊದಲನೆಯದರಲ್ಲಿ ಭೂತದ ಮುಖವಾಡ ಕಳಚಿದಾಗ ಒಳಗೆ ಮನುಷ್ಯ ಸಿಗುತ್ತಾನೆ. ಜನರ ಭಯವೇ ಅವನಿಗೆ ಕಾವಲು. 'ರಂಗಿತರಂಗ' ಈ ಸಾಲಿನದು. ಎರಡನೆಯದರಲ್ಲಿ ದೆವ್ವ ಎಂದುಕೊಂಡದ್ದು ಮನಸ್ಸಿನ ಗಾಯವಾಗಿರುತ್ತದೆ. ಮಲಯಾಳದ 'ಮಣಿಚಿತ್ರತ್ತಾಳ್' 1993ರಲ್ಲಿ ತೋರಿಸಿದ ಈ ದಾರಿಯಲ್ಲೇ 2004ರ 'ಆಪ್ತಮಿತ್ರ' ನಡೆಯಿತು. ಮೂರನೆಯದರಲ್ಲಿ ಕಾಣದ ಶಕ್ತಿ ನಿಜವಾಗಿಯೂ ಇದೆ ಎಂದೇ ಕಥೆ ಒಪ್ಪಿಕೊಳ್ಳುತ್ತದೆ. 1979ರ 'ನಾ ನಿನ್ನ ಬಿಡಲಾರೆ', 2022ರ 'ಕಾಂತಾರ' ಹಾಗೆ. ಮೂರೂ ಬಗೆಯಲ್ಲಿ ಒಳ್ಳೆಯ ಕೆಲಸ ಆಗಿದೆ. ಆದರೆ ಮೂರರಲ್ಲೂ ಒಂದು ಮಾತು ಸಮಾನ: ಸತ್ತವರ ಲೆಕ್ಕ ಎಲ್ಲೋ ಸರಿಯಾಗಿ ಮುಗಿದಿಲ್ಲ. ತನಿಖೆ ನಿಂತ ಜಾಗದಲ್ಲಿ ದೆವ್ವ ಎದ್ದು ನಿಲ್ಲುತ್ತದೆ.

ಅಮ್ಮನ ಕನಸು, ವೈದ್ಯರ ವರದಿ

ಕಥೆಯಲ್ಲಿ ಇರಲಿ, ನಿಜವಾದ ಕೊಲೆ ಪ್ರಕರಣದಲ್ಲಿ ದೆವ್ವಕ್ಕೆ ಜಾಗ ಉಂಟೇ? ಅಮೆರಿಕದ ಪಶ್ಚಿಮ ವರ್ಜೀನಿಯಾದ ಗ್ರೀನ್‌ಬ್ರಯರ್ ಎಂಬಲ್ಲಿ 1897ರಲ್ಲಿ ಒಬ್ಬ ಹೊಸ ಮದುವಣಗಿತ್ತಿ ಸತ್ತಳು. ಸಹಜ ಸಾವೆಂದು ಬರೆದು ಮಣ್ಣು ಮಾಡಿದರು. ತಾಯಿ ಮಾತ್ರ ಒಪ್ಪಲಿಲ್ಲ. ಮಗಳು ರಾತ್ರಿ ಬಂದು, ಗಂಡನೇ ತನ್ನ ಕುತ್ತಿಗೆ ಮುರಿದನೆಂದು ಹೇಳಿದಳು ಎಂದು ಸರ್ಕಾರಿ ವಕೀಲರ ಮುಂದೆ ಹಟ ಹಿಡಿದಳು. ಶವ ಹೊರತೆಗೆದು ಪರೀಕ್ಷಿಸಿದಾಗ ಕುತ್ತಿಗೆ ಮುರಿದಿದ್ದು ನಿಜವೇ ಆಗಿತ್ತು. ಗಂಡನಿಗೆ ಜೀವಾವಧಿ ಶಿಕ್ಷೆಯಾಯಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಶಿಕ್ಷೆ ಕೊಡಿಸಿದ್ದು ಕನಸಲ್ಲ, ಮುರಿದ ಮೂಳೆ. ಕನಸು ಮಾಡಿದ್ದು ಇಷ್ಟೇ: ಮುಚ್ಚಿದ್ದ ಕಡತವನ್ನು ತೆರೆಸಿತು. ಯಾರೂ ಕೇಳದ ತಾಯಿಯ ಅನುಮಾನಕ್ಕೆ ಒಂದು ದನಿ ಕೊಟ್ಟಿತು. ನಮ್ಮ ಊರುಗಳಲ್ಲೂ ಬಾಯಿಲ್ಲದವರ ದೂರು ಎಷ್ಟೋ ಸಲ ಹೀಗೇ ಬಂದಿದೆ. ಹೆಂಗಸೊಬ್ಬಳು ನೇರವಾಗಿ ಹೇಳಿದರೆ ಕೇಳದ ಮನೆಯವರು, ಅವಳ ಮೈಮೇಲೆ ಬಂದು ಆಡಿದ ಮಾತನ್ನು ಕೈಕಟ್ಟಿ ಕೇಳುತ್ತಾರೆ. ಅದನ್ನು ಬರೀ ಮೂಢನಂಬಿಕೆ ಎಂದು ತಳ್ಳಿದರೆ ದೂರನ್ನೂ ತಳ್ಳಿದಂತೆ. ಹಾಗೆಂದು ಮೈಮೇಲೆ ಬಂದವರ ಮಾತು ಕೇಳಿ ಅಪರಾಧಿ ಯಾರೆಂದು ತೀರ್ಮಾನಿಸಿದರೆ ಇನ್ನೊಂದು ಹೆಣ ಬೀಳುತ್ತದೆ. ಮಾಟಗಾತಿ ಎಂಬ ಪಟ್ಟ ಕಟ್ಟಿ ಕೊಂದ ಪ್ರಕರಣಗಳು ಈ ದೇಶದಲ್ಲಿ ಕಡಿಮೆಯಿಲ್ಲ. ಭೂತ ದೂರು ಕೊಡಲಿ, ತೀರ್ಪನ್ನು ಮಾತ್ರ ಸಾಕ್ಷಿ ಹೇಳಬೇಕು. ಒಳ್ಳೆಯ ಸರಣಿಗೂ ಕೆಟ್ಟ ಸರಣಿಗೂ ಇರುವ ಅಂತರ ಈ ಗೆರೆಯಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಈ ಗೆರೆ ನಮಗೆ ಹೊಸದೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ 'ಆಶುಮೃತಕ ಪರೀಕ್ಷೆ' ಎಂಬ ಅಧ್ಯಾಯವೇ ಇದೆ. ಹಠಾತ್ತಾಗಿ ಸತ್ತವರ ಶವವನ್ನು ಕೆಡದಂತೆ ಎಣ್ಣೆ ಹಚ್ಚಿ ಪರೀಕ್ಷಿಸಬೇಕು, ಉಸಿರು ಕಟ್ಟಿಸಿದ್ದೋ ನೇಣೋ ವಿಷವೋ ಎಂಬುದನ್ನು ದೇಹದ ಗುರುತುಗಳಿಂದ ಅರಿಯಬೇಕು ಎನ್ನುತ್ತದೆ ಅದು. ದೇವತೆಗಳಲ್ಲಿ ಅಷ್ಟೊಂದು ನಂಬಿಕೆಯಿದ್ದ ಕಾಲದಲ್ಲೂ ಹೆಣದ ಮುಂದೆ ನಿಂತ ಅಧಿಕಾರಿ ಉಗುರಿನ ಬಣ್ಣ ನೋಡಬೇಕಿತ್ತು.

ಹೆಣ ಎಲ್ಲಿ ಸಿಕ್ಕಿತು?

ನಮ್ಮ ರೈಲಿನ ದೃಶ್ಯಕ್ಕೆ ಮರಳೋಣ. ಹಳಿಯ ಪಕ್ಕದಲ್ಲೇ ಸಿಕ್ಕ ಶವ ಎಂದರೆ ಮೊದಲು ಬರುವವರು ರೈಲ್ವೆ ಪೊಲೀಸರು. ಹತ್ತಾರು ಗಜ ಆಚೆ ಬಿದ್ದಿದ್ದರೆ ಊರಿನ ಠಾಣೆ. ಕೋಲಾರ ಜಿಲ್ಲೆಯೊಳಗೇ ಇದ್ದರೂ ಕೆಜಿಎಫ್‌ಗೆ ಪ್ರತ್ಯೇಕ ಪೊಲೀಸ್ ಜಿಲ್ಲೆ ಇದೆ, ಅದಕ್ಕೊಬ್ಬ ಎಸ್‌ಪಿ ಇದ್ದಾರೆ. ಚಿನ್ನದ ಕಾವಲಿನ ಕಾಲದ ಕುರುಹು ಅದು. ಗಣಿ ನಡೆಯುತ್ತಿದ್ದಾಗ ಕೆಳಗೆ ಯಾರಾದರೂ ಸತ್ತರೆ ಗಣಿ ಸುರಕ್ಷತೆಯ ಅಧಿಕಾರಿಗಳ ವಿಚಾರಣೆ ಬೇರೆ.

ಸಾವಿಗೆ ಕಾರಣ ತಿಳಿಯದಿದ್ದಾಗ ಠಾಣೆಯವರು ಮೊದಲು 'ಯುಡಿಆರ್' ದಾಖಲಿಸುತ್ತಾರೆ, ಅಂದರೆ ಅಸ್ವಾಭಾವಿಕ ಮರಣ ಪ್ರಕರಣ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮು ಇದಕ್ಕೆ ದಾರಿ ಹೇಳುತ್ತದೆ. ಹಿಂದೆ ಇದು ಸಿಆರ್‌ಪಿಸಿಯ 174ನೇ ಕಲಮು. ಪಂಚರ ಮುಂದೆ ಶವದ ಮಹಜರು, ಗಾಯಗಳ ವಿವರ, ಶವಪರೀಕ್ಷೆ, ಬೇಕಾದರೆ ಒಳಾಂಗಗಳ ಮಾದರಿ ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ಟೀವಿಯಲ್ಲಿ ಅರ್ಧ ನಿಮಿಷದಲ್ಲಿ ಮುಗಿಸುವ ಈ ಕೆಲಸದಲ್ಲೇ ಪ್ರಕರಣ ಉಳಿಯುವುದು ಅಥವಾ ಕೆಡುವುದು. ಅಂತಿಮ ವರದಿಯಲ್ಲಿ 'ಸಾವಿನ ಕಾರಣ' ಎಂಬ ಕಡೆ ಏನು ಬರೆಯುತ್ತಾರೆ ಎನ್ನುವುದರ ಮೇಲೆ ಒಂದು ಮನೆಯ ಮುಂದಿನ ಬದುಕು ನಿಂತಿರುತ್ತದೆ.

ಈ ಸೀಮೆಯಲ್ಲಿ ತನಿಖೆ ಮಾಡುವ ಅಧಿಕಾರಿಗೆ ಒಂದು ಭಾಷೆ ಸಾಲದು. ಗಣಿಗೆ ಉತ್ತರ ಆರ್ಕಾಟಿನಿಂದ ಬಂದವರ ತಮಿಳು, ಸುತ್ತಲಿನ ಹಳ್ಳಿಗಳ ತೆಲುಗು ಮತ್ತು ಕನ್ನಡ, ಪೇಟೆಯ ದಖನಿ ಉರ್ದು ಎಲ್ಲವೂ ಬಂಗಾರಪೇಟೆಯ ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ನಂಬಿಕೆಗಳೂ ಹಾಗೆಯೇ ಬೆರೆತಿವೆ. ಕೋಲಾರಮ್ಮನ ಗುಡಿಯಲ್ಲಿ ಚೇಳಿನ ದೇವತೆ ಚೇಳಮ್ಮನಿದ್ದಾಳೆ. ಅವಳಿಗೆ ನಡೆದುಕೊಂಡರೆ ಚೇಳು ಕಚ್ಚುವುದಿಲ್ಲ ಎನ್ನುತ್ತಾರೆ. ಮಾರಿಯಮ್ಮ, ಮುನೇಶ್ವರ, ಮಾತೆ ಮರಿಯಮ್ಮ, ದರ್ಗಾ ಎಲ್ಲರಿಗೂ ಹರಕೆ ಉಂಟು. ಇದೇ ಮಾರಿಕುಪ್ಪಂನಲ್ಲಿ 20ನೇ ಶತಮಾನದ ಮೊದಲ ದಶಕದಲ್ಲೇ ತಮಿಳು ಚಿಂತಕ ಅಯೋತಿ ದಾಸರ ಪ್ರೇರಣೆಯಿಂದ ಕಾರ್ಮಿಕರು ಬೌದ್ಧ ಸಂಘ ಕಟ್ಟಿದರು. ಚಾಂಪಿಯನ್ ರೀಫ್ಸ್‌ನಲ್ಲಿ ಅಚ್ಚುಕೂಟ ನಡೆಸಿ ಪುಸ್ತಕ ಹೊರತಂದರು. ಗಣಿಯ ಜನರೆಂದರೆ ತಾಯತ ಕಟ್ಟಿಕೊಂಡು ನಡುಗುವವರು ಎಂದು ಚಿತ್ರಿಸುವ ಬರಹಗಾರರು ಈ ಅಚ್ಚುಕೂಟವನ್ನು ನೆನಪಿಡಬೇಕು.

ಕರಾವಳಿಯ ಕೋಲವನ್ನು ತಂದು ಇಲ್ಲಿ ನೆಡುವುದೂ ತಪ್ಪು. ತುಳುನಾಡಿನ ಭೂತ ಎಂದರೆ ದೈವ. ಅದಕ್ಕೆ ಕುಲ, ಗಡಿ, ನ್ಯಾಯ ಹೇಳುವ ಅಧಿಕಾರ ಎಲ್ಲ ಇದೆ. ಬಯಲುಸೀಮೆಯ ದೆವ್ವಕ್ಕೆ ಆ ಅಧಿಕಾರವಿಲ್ಲ. ಅದು ಹೊತ್ತಲ್ಲದ ಹೊತ್ತಿನಲ್ಲಿ ಸತ್ತವರ ಮುಗಿಯದ ಆಸೆ, ಸಿಗದ ನ್ಯಾಯ.

ಸೈನೈಡ್ ಮೇಲೆ ಅನುಮಾನ

ಕೆಜಿಎಫ್‌ನಲ್ಲಿ ನಡೆಯುವ ಯಾವುದೇ ಕೊಲೆ ಕಥೆಗೆ ಸೈನೈಡ್ ಬಂದೇ ಬರುತ್ತದೆ. ರೈಲಿನಿಂದ ಕಾಣುವ ಆ ಬೂದು ಗುಡ್ಡಗಳ ಹೆಸರೇ ಸೈನೈಡ್ ದಿಬ್ಬ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿ ಅದು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಗೆ ಹೋಯಿತು. ಹಿಂದೆ ಉಳಿದದ್ದು ಇಂಥ 13 ದಿಬ್ಬಗಳು, ಮೂರು ಕೋಟಿ ಟನ್ನಿಗೂ ಮಿಕ್ಕಿದ ಪುಡಿ.

ಈ ವಿಷದಿಂದ ನಡೆದ ನಿಜವಾದ ಅಪರಾಧವೂ ನಮ್ಮ ರಾಜ್ಯದ ನೆನಪಿನಲ್ಲಿದೆ. ಪತ್ರಿಕೆಗಳು 'ಸೈನೈಡ್ ಮಲ್ಲಿಕಾ' ಎಂದು ಕರೆದ ಮಹಿಳೆ 2007ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಸಿಕ್ಕಿಬಿದ್ದಳು. ದೇವಸ್ಥಾನಗಳಲ್ಲಿ ಕಷ್ಟ ಹೇಳಿಕೊಂಡು ಅಳುವ ಹೆಂಗಸರನ್ನು ಗುರುತಿಸಿ, ಪೂಜೆ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ, ಒಡವೆ ಹಾಕಿಕೊಂಡು ಬನ್ನಿ ಎಂದು ಕರೆಸಿ, ತೀರ್ಥದ ಹೆಸರಿನಲ್ಲಿ ಸೈನೈಡ್ ಕುಡಿಸುತ್ತಿದ್ದಳು. ಇಲ್ಲಿ ಅತಿಮಾನುಷ ಎನ್ನುವುದು ಕೊಲೆಗಾರ್ತಿಯ ಬಲೆಯಾಗಿತ್ತು. 2017ರ ಕರ್ನಾಟಕದ ಕಾನೂನು ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರಗಳನ್ನು ಅಪರಾಧವೆನ್ನುವಾಗ, ದೆವ್ವ ಬಿಡಿಸುವ ನೆಪದ ಹಿಂಸೆಯ ಜೊತೆಗೆ ನಿಧಿಯ ಆಸೆಗೆ ನಡೆಸುವ ಕ್ರೂರ ಆಚರಣೆಗಳನ್ನೂ ಹೆಸರಿಸಿದ್ದು ಸುಮ್ಮನೆ ಅಲ್ಲ. ನಂಬಿಕೆಯ ಮೇಲೆ ಮೋಸಗಾರನ ಕಣ್ಣು ಸದಾ ಇರುತ್ತದೆ.

ಆದರೆ ದಿಬ್ಬಗಳ ವಿಷಯದಲ್ಲಿ ಸೈನೈಡನ್ನು ಮಾತ್ರ ಹಿಡಿದು ಕೂತರೆ ತನಿಖೆ ಹಾದಿ ತಪ್ಪುತ್ತದೆ. ಸೈನೈಡ್ ಬಿಸಿಲು ಗಾಳಿಗೆ ಬಹುಮಟ್ಟಿಗೆ ಒಡೆದು ಹೋಗುವ ವಸ್ತು. ಒಡೆಯದೆ ಉಳಿಯುವುದು ಸಿಲಿಕಾ, ಅಂದರೆ ಬೆಣಚುಕಲ್ಲಿನ ನುಣ್ಣನೆಯ ಧೂಳು. ಚಿನ್ನ ಕೂತಿದ್ದೇ ಆ ಬೆಣಚುಕಲ್ಲಿನಲ್ಲಿ. ಕಲ್ಲಿಗೆ ಡ್ರಿಲ್ ಹಿಡಿದವನ ಎದೆಯೊಳಗೆ ಆ ಧೂಳು ಇಳಿದು, ವರ್ಷಗಟ್ಟಲೆ ಕೂತು, ಶ್ವಾಸಕೋಶವನ್ನು ಗಂಟು ಗಂಟಾಗಿ ಕಲ್ಲಾಗಿಸುತ್ತದೆ. ಅದರ ಹೆಸರು ಸಿಲಿಕೋಸಿಸ್. ಒಮ್ಮೆ ಬಂದರೆ ಅದಕ್ಕೆ ವಾಸಿ ಮಾಡುವ ಮದ್ದಿಲ್ಲ. ಕ್ಷಯ ಬೇಗ ಅಂಟಿಕೊಳ್ಳುತ್ತದೆ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು ಇಲ್ಲಿಂದಲೇ, 1947ರಲ್ಲಿ. ಪರೀಕ್ಷೆಗೊಳಗಾದ ಗಣಿ ಕಾರ್ಮಿಕರಲ್ಲಿ ಶೇ 43.7 ಮಂದಿಗೆ ಅದು ತಗುಲಿತ್ತು ಎಂದು ವೈದ್ಯ ವಿದ್ಯಾರ್ಥಿಗಳು ಇಂದಿಗೂ ಪಠ್ಯಪುಸ್ತಕದಲ್ಲಿ ಓದುತ್ತಾರೆ. ಕೇಜಿನಲ್ಲಿ ಹತ್ತು ಜನ ನಿಂತಿದ್ದರೆ ಅವರಲ್ಲಿ ನಾಲ್ವರು.

ಹೆಸರಿನಲ್ಲೇ ಅಪರಾಧ ಹೊತ್ತ ಸೈನೈಡಿನ ಹಿಂದೆ, ಯಾರೂ ಹೆಸರೆತ್ತದ ಧೂಳು ಬಚ್ಚಿಟ್ಟುಕೊಂಡಿದೆ. ಯಾವ ಪತ್ತೇದಾರಿ ಕಥೆಯ ತಿರುವೂ ಇದಕ್ಕಿಂತ ನೋವಿನದಾಗಲಾರದು.

ನೆಲ ನಡುಗಿದಾಗ

ಇನ್ನೊಂದು ಸಾವು ಸದ್ದು ಮಾಡಿಕೊಂಡು ಬರುತ್ತಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಅಷ್ಟು ಕೆಳಗೆ ಬಂಡೆಯ ಬಿಸಿಯೇ 65 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮೇಲಿನ ಭಾರವನ್ನೆಲ್ಲ ಹೊತ್ತ ಕಲ್ಲನ್ನು ಕೊರೆದು ಬಯಲು ಮಾಡಿದಾಗ ಅದು ಒತ್ತಡ ತಾಳದೆ ಸಿಡಿಯುತ್ತದೆ. ಇದು ರಾಕ್ ಬರ್ಸ್ಟ್. ಕೆಳಗಿದ್ದವರಿಗೆ ಓಡಲು ಸಮಯವಿರುವುದಿಲ್ಲ. ಮೇಲೆ ಲೈನ್ ಮನೆಗಳಲ್ಲಿ ಪಾತ್ರೆಗಳು ಗಡಗಡ ಅಲುಗುತ್ತವೆ. ಗಂಡ, ಮಗ, ತಮ್ಮ ಯಾವ ಶಿಫ್ಟಿನಲ್ಲಿದ್ದಾನೆ ಎಂದು ಹೆಂಗಸರು ಶಾಫ್ಟಿನ ಕಡೆಗೆ ಓಡುತ್ತಾರೆ.

ಗಣಿ ಮುಚ್ಚಿ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ನೆಲದ ನಡುಕ ಮಾತ್ರ ಪೂರ್ತಿ ನಿಲ್ಲಲಿಲ್ಲ. ಯಾರೂ ಕೆಲಸ ಮಾಡದ ಗಣಿಯಿಂದ ನಡುರಾತ್ರಿ ಸದ್ದು ಬಂದರೆ ದೆವ್ವದ ಕಥೆ ಹುಟ್ಟುವುದು ಸಹಜ. ಅದೇ ಸದ್ದನ್ನು ಕಂಪನಮಾಪಕದ ಗೆರೆಯಾಗಿ ಓದಿದವರೂ ಇದೇ ಊರಿನಲ್ಲಿದ್ದರು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಹುಟ್ಟಿದ್ದು ಕೆಜಿಎಫ್‌ನಲ್ಲಿ. ಕಲ್ಲು ಯಾಕೆ ಸಿಡಿಯುತ್ತದೆ, ಎಲ್ಲಿ ಸಿಡಿಯಬಹುದು ಎಂಬ ವಿದ್ಯೆ ಇಲ್ಲಿ ಜೀವ ತೆತ್ತು ಕಲಿತದ್ದು.

ಭೂತವನ್ನು ಹಿಡಿದ ಊರು

ಕಾಣದ್ದನ್ನು ಸಾಕ್ಷಿಯಿಂದ ಹಿಡಿಯುವ ಕೆಲಸ ಈ ಗಣಿಗೆ ಹೊಸದಲ್ಲ. 1950ರ ದಶಕದ ಆರಂಭದಲ್ಲಿ ಹೋಮಿ ಭಾಭಾ ಅವರ ಪ್ರೇರಣೆಯಿಂದ ನಂಜನಗೂಡಿನ ಯುವ ವಿಜ್ಞಾನಿ ಬಿ.ವಿ. ಶ್ರೀಕಂಠನ್ ಉಪಕರಣಗಳನ್ನು ಹೊತ್ತು ಗಣಿಗೆ ಇಳಿದರು. ಆಕಾಶದಿಂದ ಸುರಿಯುವ ವಿಶ್ವಕಿರಣಗಳಲ್ಲಿ ಎಷ್ಟು ಪಾಲು ಬಂಡೆಯನ್ನು ತೂರಿ ಬರುತ್ತದೆ ಎಂದು ಎಣಿಸಿದರು. ಮುಂದೆ ಇನ್ನೂ ಆಳದಲ್ಲಿ ನಡೆದ ಪ್ರಯೋಗವೊಂದರಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದು ಕಣವೂ ದಾಖಲಾಗಲಿಲ್ಲ. ಆ ಮೌನವೇ ಸುಳಿವಾಯಿತು. ಬೇರೆಲ್ಲ ಕಣಗಳನ್ನೂ ಬಂಡೆ ತಡೆದು ನಿಲ್ಲಿಸುವ ಇಂಥ ಜಾಗದಲ್ಲಿ, ಯಾವ ಬಂಡೆಗೂ ನಿಲ್ಲದ ನ್ಯೂಟ್ರಿನೊ ಕಣವನ್ನು ಹುಡುಕಬಹುದು ಎಂದು ಗೊತ್ತಾಯಿತು.

ನ್ಯೂಟ್ರಿನೊವನ್ನು ಜಗತ್ತು 'ಭೂತ ಕಣ' ಎಂದು ಕರೆಯುತ್ತದೆ. ಅದು ನಮ್ಮ ದೇಹವನ್ನೂ ಇಡೀ ಭೂಮಿಯನ್ನೂ ಗುರುತು ಬಿಡದೆ ದಾಟಿ ಹೋಗುತ್ತದೆ. ಎಲ್ಲೋ ಅಪರೂಪಕ್ಕೊಮ್ಮೆ ಕಲ್ಲಿನ ಪರಮಾಣುವಿಗೆ ಬಡಿದು ಇನ್ನೊಂದು ಕಣವನ್ನು ಚಿಮ್ಮಿಸುತ್ತದೆ. ಆ ಕಣ ಮೇಲಿನಿಂದ ಬರುವ ಬದಲು ಅಡ್ಡಡ್ಡವಾಗಿ ಬಂದರೆ ಅದು ಭೂತ ಕಣದ ಹೆಜ್ಜೆಗುರುತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳ ತಂಡ 2.3 ಕಿಲೋಮೀಟರ್ ಆಳದಲ್ಲಿ ಕಾದು ಕುಳಿತು 1965ರಲ್ಲಿ ಅದನ್ನು ಹಿಡಿಯಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತು ಸಿಕ್ಕಿದೆಯೆಂದು ಜಗತ್ತಿಗೆ ಮೊದಲು ವರದಿ ಮಾಡಿದ್ದು ಕೋಲಾರದ ಗಣಿ.

ಭೂತವನ್ನು ಯಾರೂ ನೋಡಲಿಲ್ಲ. ಅದು ಬಡಿದ ಜಾಗದಿಂದ ಅದನ್ನು ಅರಿತರು. ಕೊಲೆ ತನಿಖೆಯ ಮಾದರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಹೆಬ್ಬೆಟ್ಟಿನ ಗುರುತು

ತನಿಖೆಯ ಪರಿಕರಗಳು ಯಾರ ಕಡೆ ತಿರುಗಿವೆ ಎನ್ನುವುದೂ ಮುಖ್ಯ. 1930ರಲ್ಲಿ ಗಣಿ ಕಂಪನಿಗಳು ಎಲ್ಲ ಕಾರ್ಮಿಕರ ಹೆಬ್ಬೆಟ್ಟಿನ ಗುರುತು ನೋಂದಾಯಿಸಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಮುಷ್ಕರ ಸುಮಾರು ಮೂರು ವಾರ ನಡೆಯಿತು. ನೆಲದಡಿಯಿಂದ ಚಿನ್ನ ತಂದುಕೊಡುವವರನ್ನೇ ಚಿನ್ನದ ಕಳ್ಳರೆಂದು ಸಂಶಯಿಸುವ ವ್ಯವಸ್ಥೆಯ ವಿರುದ್ಧ ಎದ್ದ ಸಿಟ್ಟು ಅದು. ಕಳುವಾದ ಒಂದು ಚೂರು ಅದಿರಿಗೆ ಕಾವಲು, ತಪಾಸಣೆ, ಶಿಕ್ಷೆ ಎಲ್ಲ ಇದ್ದ ಊರಿನಲ್ಲಿ ಕಳೆದುಹೋದ ಉಸಿರಿಗೆ ಅಷ್ಟು ಚುರುಕಿನ ತನಿಖೆ ಇರಲಿಲ್ಲ.

ಆದ್ದರಿಂದ ಕೆಜಿಎಫ್‌ನಲ್ಲಿ ಕೊಲೆ ಸರಣಿ ಬರೆಯಲು ಹೊರಟವರಲ್ಲಿ ಒಂದು ವಿನಂತಿ. ಬೂದು ದಿಬ್ಬ ಒಳ್ಳೆಯ ಹಿನ್ನೆಲೆ ಎಂಬುದಕ್ಕಾಗಿ ಮಾತ್ರ ಇಲ್ಲಿಗೆ ಬರಬೇಡಿ. ಇಲ್ಲಿನವರನ್ನು ಮತ್ತೊಮ್ಮೆ ಅನುಮಾನದ ಕಟಕಟೆಯಲ್ಲಿ ನಿಲ್ಲಿಸಬೇಡಿ, ಅವರ ದೇವರನ್ನು ಹೆದರಿಸುವ ಸಾಮಾನು ಮಾಡಬೇಡಿ. ದೆವ್ವ ಬೇಕಾದರೆ ಬರಲಿ, ಅದು ಯಾರ ಸಾವಿನ ಲೆಕ್ಕ ಕೇಳಲು ಬಂದಿದೆ ಎಂಬುದನ್ನು ಕೊನೆಯವರೆಗೂ ಹುಡುಕಿ.

ನಮ್ಮ ಕಥೆಯ ರೈಲು ಇನ್ನೂ ಅಲ್ಲೇ ನಿಂತಿದೆ. ಹಳಿಯ ಹೆಣದ ಸುತ್ತ ಜನ ಗುಂಪುಗೂಡಿದ್ದಾರೆ, ಪೊಲೀಸರು ಮಹಜರು ಬರೆಯುತ್ತಿದ್ದಾರೆ, ಊರೆಲ್ಲ ಮುಚ್ಚಿದ ಶಾಫ್ಟಿನ ಮಾತಾಡುತ್ತಿದೆ. ಚಾಣಾಕ್ಷ ತನಿಖಾಧಿಕಾರಿಯೊಬ್ಬ ಗುಂಪು ಬಿಟ್ಟು ಬೋಗಿಯೊಳಗೆ ಹತ್ತುತ್ತಾನೆ. ಮೂಲೆಯ ಸೀಟಿನ ಮುದುಕನ ಪಕ್ಕ ಕುಳಿತು, "ತಾತಾ, ಎಷ್ಟು ವರ್ಷ ಕೆಳಗೆ ಇಳಿದ್ರಿ?" ಎಂದು ಕೇಳುತ್ತಾನೆ. ಮೊದಲ ದೃಶ್ಯದಿಂದಲೂ ಆ ಕೆಮ್ಮು ಕೇಳಿಸುತ್ತಲೇ ಇತ್ತು.